ಸಿಡ್ನಿಗೆ ಹಡಗು ಹತ್ತಿ ಬಂದ ಪಿಯಾನೊ

ಸಿಡ್ನಿ ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋದು ಆ ಬಿಳಿ ಕಟ್ಟಡ. ನೀರಿಗೆ ಚಾಚಿಕೊಂಡ ನೆಲದ ತುದಿಯಲ್ಲಿ ಹಾಯಿ ಬಿಚ್ಚಿದ ಹಡಗಿನಂತೆ ನಿಂತಿರುವ ಒಪೆರಾ ಹೌಸ್. ಆನ್‌ಸೈಟ್‌ಗೆ ಅಂತ ಹೋದ ಗೆಳೆಯರೆಲ್ಲ ಅದರ ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಂಡೇ ವಾಪಸ್ ಬರುತ್ತಾರೆ. ಬೀಥೋವನ್, ವ್ಯಾಗ್ನರ್, ಮೊಜಾರ್ಟ್ ಎಲ್ಲರ ಸಂಗೀತವೂ ಅಲ್ಲಿ ನಡೆಯುತ್ತದೆ. ಆದರೆ ಅದು ನಿಂತಿರುವ ಜಾಗದ ಹೆಸರನ್ನು ಗಮನಿಸುವವರು ಕಡಿಮೆ. ಬೆನಲಾಂಗ್ ಪಾಯಿಂಟ್ ಅಂತ ಅದರ ಹೆಸರು.

ಬೆನಲಾಂಗ್ ಒಬ್ಬ ಮನುಷ್ಯ. ಆ ನೆಲದ ಮೂಲನಿವಾಸಿ. ಇಂಗ್ಲಿಷರು ಬಂದು ಮೂರು ವರ್ಷ ಆಗುವ ಹೊತ್ತಿಗೆ ಅವನಿಗೆ ಅಲ್ಲೊಂದು ಇಟ್ಟಿಗೆಯ ಪುಟ್ಟ ಮನೆ ಕಟ್ಟಿಕೊಟ್ಟಿದ್ದರು. 1791ರ ಮಾರ್ಚ್ ತಿಂಗಳಲ್ಲಿ ಆ ಮನೆಯ ಹತ್ತಿರ ಒಂದು ಸಂಜೆ ಹಾಡು ಕುಣಿತ ನಡೆಯಿತು. ಅದೇ ಮಾರ್ಚ್ ತಿಂಗಳಲ್ಲಿ, ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಬ್ಬ ಇಂಗ್ಲಿಷ್ ಹೆಣ್ಣುಮಗಳು ಊರಿನ ಗೆಳತಿಗೆ ಕಾಗದ ಬರೆಯುತ್ತಾ ತಾನು ಪಿಯಾನೊ ಕಲಿಯುತ್ತಿರುವ ಸುದ್ದಿ ತಿಳಿಸುತ್ತಿದ್ದಳು. ಒಂದೇ ಊರು, ಒಂದೇ ತಿಂಗಳು, ಎರಡು ಸಂಗೀತ. ಒಂದಕ್ಕೊಂದು ಕೇಳಿಸಿತಾ ಅನ್ನೋದೇ ಈ ಬರಹದ ವಿಷಯ.

ಮೊದಲು ಪಿಯಾನೊ ಕತೆ ನೋಡೋಣ. 1787ರ ಮೇ 13ರಂದು ಇಂಗ್ಲೆಂಡಿನಿಂದ 11 ಹಡಗುಗಳು ಹೊರಟವು. ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ಫಸ್ಟ್ ಫ್ಲೀಟ್ ಅಂತ ಹೆಸರು. ಅದರಲ್ಲಿ ಇದ್ದವರಲ್ಲಿ ಹೆಚ್ಚಿನವರು ಕೈದಿಗಳು. ಅಮೆರಿಕ ಕೈಬಿಟ್ಟು ಹೋದ ಮೇಲೆ ಕೈದಿಗಳನ್ನು ಎಲ್ಲಿಗೆ ಗಡಿಪಾರು ಮಾಡುವುದು ಎಂಬ ತಲೆನೋವಿಗೆ ಬ್ರಿಟಿಷ್ ಸರ್ಕಾರ ಕಂಡುಕೊಂಡ ಪರಿಹಾರ ಅದು. ಎಂಟು ತಿಂಗಳ ಪ್ರಯಾಣ. ರಿಯೊ, ಕೇಪ್‌ಟೌನ್ ಸುತ್ತಿಕೊಂಡು 1788ರ ಜನವರಿಯಲ್ಲಿ ಅವು ಆಸ್ಟ್ರೇಲಿಯ ಮುಟ್ಟಿದವು.

ಹಡಗುಗಳಲ್ಲಿ ಏನೇನಿತ್ತು ಅಂದರೆ, ಉಪ್ಪು ಹಾಕಿದ ಮಾಂಸ, ಹಿಟ್ಟು, ಸನಿಕೆ, ಕೊಡಲಿ, ಬಿತ್ತನೆ ಬೀಜ, ಕೋಳಿ, ಕುರಿ, ಬೇಡಿ, ಕೋವಿ. ಇವೆಲ್ಲದರ ಜತೆ ಸಿರಿಯಸ್ ಅನ್ನುವ ಹಡಗಿನಲ್ಲಿ ಒಂದು ಪಿಯಾನೊ. ಅದರ ಮಾಲೀಕ ಹಡಗಿನ ಡಾಕ್ಟರ್ ಜಾರ್ಜ್ ವೋರ್ಗನ್. ಅವನ ಅಪ್ಪ ಜಾನ್ ವೋರ್ಗನ್ ಲಂಡನ್ನಿನಲ್ಲಿ ಹೆಸರು ಮಾಡಿದ್ದ ಆರ್ಗನ್ ವಾದಕ, ಸಂಗೀತ ರಚನಕಾರ. ಮಗ ಸಂಗೀತ ಬಿಟ್ಟು ವೈದ್ಯನಾದ, ಆದರೆ ಪಿಯಾನೊ ಬಿಡಲಿಲ್ಲ.

ಪಿಯಾನೊ ಅಂದ ಕೂಡಲೇ ಸ್ಟಾರ್ ಹೋಟೆಲಿನ ಲಾಬಿಯಲ್ಲಿರುವ ಕರಿ ಆನೆಯಂಥ ವಾದ್ಯವನ್ನು ಕಲ್ಪಿಸಿಕೊಳ್ಳಬೇಡಿ. ಆಗಿನ ಕಾಲದ ಸ್ಕ್ವೇರ್ ಪಿಯಾನೊ ಉದ್ದನೆಯ ಮೇಜಿನ ಹಾಗೆ ಇರುತ್ತಿತ್ತು. ಒಳಗಿನ ಚೌಕಟ್ಟು ಕೂಡ ಮರದ್ದೇ. ದನಿ ಮೆಲು, ಹೆಚ್ಚು ಕಮ್ಮಿ ಒಂದು ಕೋಣೆಗೆ ಸಾಕಾಗುವಷ್ಟು. ಸೆಕೆ, ತೇವ ಎರಡೂ ಅದಕ್ಕೆ ಶತ್ರು. ಮರ ಹಿಗ್ಗಿ ಕುಗ್ಗಿದರೆ ಶ್ರುತಿ ಕೆಟ್ಟಿತು ಅಂತಲೇ ಲೆಕ್ಕ. ಮನೆಯಲ್ಲಿ ವೀಣೆಯೋ ತಂಬೂರಿಯೋ ಇದ್ದವರಿಗೆ ಈ ಕಷ್ಟ ಹೇಳಿಕೊಡಬೇಕಿಲ್ಲ. ಅಂಥ ನಾಜೂಕಿನ ವಸ್ತುವನ್ನು ಎಂಟು ತಿಂಗಳು ಸಮುದ್ರದ ಮೇಲೆ ಸಾಗಿಸಿ ಡೇರೆಗಳ ಊರಿನಲ್ಲಿ ಇಳಿಸಿದ್ದರು.

ಆದರೆ ಆ ಊರಿನಲ್ಲಿ ಮೊದಲು ಗಟ್ಟಿಯಾಗಿ ಕೇಳಿದ್ದು ಪಿಯಾನೊ ಅಲ್ಲ, ಸೈನಿಕರ ಡ್ರಮ್ಮು ಮತ್ತು ಫೈಫ್ ಎಂಬ ಸಣ್ಣ ಕೊಳಲು. 1788ರ ಫೆಬ್ರವರಿ 7ರಂದು ವಸಾಹತು ಸ್ಥಾಪನೆಯ ಆಜ್ಞೆಯನ್ನು ಓದಿ ಹೇಳುವಾಗ ಮೊಳಗಿದ್ದು ಅವೇ. ಕೆಲಸ ಶುರು, ಊಟದ ಹೊತ್ತು, ರಾತ್ರಿ ದೀಪ ಆರಿಸುವ ಹೊತ್ತು, ಎಲ್ಲಕ್ಕೂ ಡ್ರಮ್ಮೇ ಗಡಿಯಾರ. ಶಿಕ್ಷೆಗೂ ಸಂಗೀತ ಇತ್ತು. ಹೆಣ್ಣು ಕೈದಿಗಳ ಡೇರೆಯಲ್ಲಿ ಸಿಕ್ಕಿಬಿದ್ದ ಹಡಗಿನವರನ್ನು ‘ರೋಗ್ಸ್ ಮಾರ್ಚ್’ ಎಂಬ ಮಟ್ಟು ಬಾರಿಸುತ್ತಾ ಎಲ್ಲರ ಮುಂದೆ ಮೆರವಣಿಗೆ ಮಾಡಿ ಆಚೆಗೆ ಕಳಿಸಿದರು. ನಮ್ಮೂರುಗಳಲ್ಲಿ ಹಿಂದೆ ಡಂಗುರ ಹೊಡೆಸಿ ಮಾನ ಕಳೆಯುತ್ತಿದ್ದರಲ್ಲ, ಹಾಗೆ.

ಇನ್ನೊಂದು ಬಗೆಯ ಸಂಗೀತವೂ ಆ ಮೊದಲ ದಿನಗಳಲ್ಲೇ ನಡೆಯಿತು. ವಾಟ್ಕಿನ್ ಟೆಂಚ್ ಅನ್ನುವ ಸೇನಾಧಿಕಾರಿ ಇದನ್ನು ಬರೆದಿಟ್ಟಿದ್ದಾನೆ. ಭಾಷೆ ಗೊತ್ತಿಲ್ಲದ ಎರಡು ಗುಂಪು ಎದುರು ಬದುರು ನಿಂತಾಗ ಯಾರೋ ‘ಮಾಲ್‌ಬ್ರೂಕ್’ ಎಂಬ ಮಟ್ಟನ್ನು ಸಿಳ್ಳೆ ಹಾಕಿದರು. ಆ ಕಡೆಯವರಿಗೆ ಖುಷಿಯೋ ಖುಷಿ. ತಕ್ಷಣ ಅದನ್ನೇ ತಿರುಗಿ ಹಾಡಿ ತೋರಿಸಿದರು. ಮಾಲ್‌ಬ್ರೂಕ್ ಗೊತ್ತಿಲ್ಲ ಅನ್ನಬೇಡಿ. ಆಫೀಸಿನಲ್ಲಿ ಯಾರದೋ ಬರ್ತ್‌ಡೇಗೆ ಕೇಕ್ ಕತ್ತರಿಸಿದ ಮೇಲೆ ‘ಫಾರ್ ಹೀ ಈಸ್ ಎ ಜಾಲಿ ಗುಡ್ ಫೆಲೊ’ ಅಂತ ಹಾಡುತ್ತಾರಲ್ಲ, ಅದೇ ಮಟ್ಟು. ಆ ವಾರಗಳಲ್ಲಿ ಇಂಗ್ಲಿಷರೂ ಮೂಲನಿವಾಸಿಗಳೂ ಕೈಕೈ ಹಿಡಿದು ಕುಣಿದದ್ದೂ ಉಂಟು. ವಿಲಿಯಂ ಬ್ರಾಡ್ಲಿ ಎಂಬ ಅಧಿಕಾರಿ ಅದರ ಚಿತ್ರವನ್ನೇ ಬರೆದಿದ್ದಾನೆ.

ಕುಣಿತ ಹೆಚ್ಚು ದಿನ ನಡೆಯಲಿಲ್ಲ. ಬಂದವರು ನೀರು ಕುಡಿದು ಮುಂದೆ ಹೋಗುವ ನೆಂಟರಲ್ಲ, ಮರ ಕಡಿದು ಬೇಲಿ ಹಾಕುವವರು ಅನ್ನೋದು ಎಲ್ಲರಿಗೂ ಗೊತ್ತಾಯಿತು. 1789ರ ಏಪ್ರಿಲ್ ಹೊತ್ತಿಗೆ ಸಿಡುಬು ಹಬ್ಬಿತು. ಸಿಡ್ನಿ ಸುತ್ತಮುತ್ತಲ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನ ಸತ್ತರು ಅಂತ ಗವರ್ನರ್ ಆರ್ಥರ್ ಫಿಲಿಪ್ ಅಂದಾಜು ಮಾಡಿದ. ಸಮುದ್ರದ ದಂಡೆಯ ಬಂಡೆಗಳ ಕೆಳಗೆಲ್ಲ ಹೆಣಗಳು. ಸಂಗೀತದ ವಿಷಯ ಮಾತಾಡುವಾಗ ಇದನ್ನು ಯಾಕೆ ಹೇಳಬೇಕು ಅಂದರೆ, ಬರಹವಿಲ್ಲದ ಭಾಷೆಯಲ್ಲಿ ಹಾಡುಗಳು ಇರೋದು ಜನರ ನಾಲಿಗೆಯ ಮೇಲೆ. ಅರ್ಧ ಊರು ಸತ್ತರೆ ಹಾಡುಗಳು ಎಷ್ಟು ಉಳಿದಾವು, ನೀವೇ ಯೋಚಿಸಿ.

ಈಗ ಆ ಕಾಗದ ಬರೆದ ಹೆಣ್ಣುಮಗಳ ಹತ್ತಿರ ಬರೋಣ. ಎಲಿಜಬೆತ್ ಮಕಾರ್ಥರ್. ಸೇನಾಧಿಕಾರಿ ಜಾನ್ ಮಕಾರ್ಥರ್‌ನ ಹೆಂಡತಿ. 1790ರ ಜೂನ್‌ನಲ್ಲಿ ಸೆಕೆಂಡ್ ಫ್ಲೀಟ್ ಹಡಗುಗಳ ಜತೆ ಬಂದವಳು. ಆ ಪ್ರಯಾಣದಲ್ಲಿ ಹೊರಟ ಸುಮಾರು ಸಾವಿರ ಕೈದಿಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನ ದಾರಿಯಲ್ಲೇ ಸತ್ತರು. ಎಲಿಜಬೆತ್ ಹಡಗಿನಲ್ಲೇ ಒಂದು ಹೆಣ್ಣು ಮಗುವನ್ನು ಹೆತ್ತಳು, ಅದೂ ಉಳಿಯಲಿಲ್ಲ. ಬಂದಿಳಿದ ಊರಿನಲ್ಲಿ ರೇಷನ್ನು. ಆ ವರ್ಷ ಪರಿಸ್ಥಿತಿ ಎಷ್ಟು ಬಿಗಡಾಯಿಸಿತ್ತು ಅಂದರೆ ಗವರ್ನರ್ ಮನೆಗೆ ಊಟಕ್ಕೆ ಕರೆದರೂ ಅತಿಥಿಗಳು ತಮ್ಮ ಬ್ರೆಡ್ಡು ತಾವೇ ತರಬೇಕಿತ್ತು.

ಅಂಥ ಊರಿನಲ್ಲಿ ಅವಳಿಗೆ ಮಾತಿಗೆ ಸಿಕ್ಕವರು ಮೂರ್ನಾಲ್ಕು ಓದಿದ ಗಂಡಸರು. ಟೆಂಚ್, ಡಾಕ್ಟರ್ ವೋರ್ಗನ್, ಮತ್ತು ನಕ್ಷತ್ರ ನೋಡುವ ಲೆಫ್ಟಿನೆಂಟ್ ವಿಲಿಯಂ ಡಾಸ್. ಡಾಸ್ ಹತ್ತಿರ ಖಗೋಳ ಕಲಿಯಲು ಹೋದಳು, ತಲೆಗೆ ಹತ್ತಲಿಲ್ಲ. ಆಮೇಲೆ ಸಸ್ಯಶಾಸ್ತ್ರ ಹಿಡಿದಳು. ವೋರ್ಗನ್ ಪಿಯಾನೊ ಕಲಿಸಿದ. 1791ರ ಮಾರ್ಚ್ 7ರ ಕಾಗದದಲ್ಲಿ ಅವಳು ಗೆಳತಿ ಬ್ರಿಜೆಟ್‌ಗೆ ಹೇಳುವ ಸುದ್ದಿ ಇದು: ‘ಗಾಡ್ ಸೇವ್ ದ ಕಿಂಗ್’ ಮತ್ತು ‘ಫುಟ್ಸ್ ಮಿನುಯೆಟ್’ ನುಡಿಸಲು ಬಂತು, ಸ್ವರಲಿಪಿ ಓದಲೂ ಬರುತ್ತದೆ. ಅದೇ ವರ್ಷ ಊರಿಗೆ ಮರಳುವಾಗ ವೋರ್ಗನ್ ಪಿಯಾನೊವನ್ನು ಅವಳಿಗೇ ಬಿಟ್ಟು ಹೋದ.

ರಾಷ್ಟ್ರಗೀತೆ ಒಂದು, ಕುಣಿತದ ಮಟ್ಟು ಇನ್ನೊಂದು. ಸಂಗೀತ ಅಂತ ನೋಡಿದರೆ ಅಷ್ಟೇನೂ ದೊಡ್ಡದಲ್ಲ. ಆದರೆ ಆ ಪಿಯಾನೊ ಮಾಡುತ್ತಿದ್ದ ಕೆಲಸ ಬೇರೆ. ಹೊರಗೆ ಮೂಗಿಗೆ ಹೊಸ ವಾಸನೆ, ಕಣ್ಣಿಗೆ ಹೊಸ ಮರ. ಕೈದಿಗಳು, ಹಸಿವು, ಚಾಟಿ ಏಟು. ಒಳಗೆ ಕೂತು ಮಿನುಯೆಟ್ ನುಡಿಸಿದರೆ ಆ ಕೋಣೆಯಷ್ಟು ಜಾಗ ಇಂಗ್ಲೆಂಡ್ ಆಗುತ್ತಿತ್ತು. ಅಮೆರಿಕದಲ್ಲಿ ಪುಟ್ಟ ಮಕ್ಕಳನ್ನು ಶನಿವಾರ ಬೆಳಿಗ್ಗೆ ಸಂಗೀತ ಕ್ಲಾಸಿಗೆ ಕರೆದುಕೊಂಡು ಹೋಗುವ ಕನ್ನಡದ ಅಪ್ಪ ಅಮ್ಮಂದಿರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ವ್ಯತ್ಯಾಸ ಏನೆಂದರೆ ನಮ್ಮವರು ವೀಸಾ ಕೇಳಿ ಹೋದವರು, ಎಲಿಜಬೆತ್ ಕಡೆಯವರು ಯಾರನ್ನೂ ಕೇಳಲಿಲ್ಲ.

ಅದು ದರ್ಜೆಯ ಗುರುತೂ ಆಗಿತ್ತು. ಕೈದಿಗಳ ಹತ್ತಿರವೂ ಹಾಡುಗಳಿದ್ದವು, ಐರಿಷ್ ಪಿಟೀಲು ಇತ್ತು. ಆದರೆ ಪಿಯಾನೊ ಇದ್ದ ಮನೆ ದೊಡ್ಡವರ ಮನೆ. ಮುಂದೆ ಮಕಾರ್ಥರ್ ಮನೆತನ ಮೆರಿನೊ ಕುರಿಗಳ ಉಣ್ಣೆಯಿಂದ ಆಸ್ಟ್ರೇಲಿಯದ ಸಿರಿವಂತ ಮನೆತನಗಳಲ್ಲಿ ಒಂದಾಯಿತು. ಗಂಡ ವರ್ಷಗಟ್ಟಲೆ ಇಂಗ್ಲೆಂಡಿನಲ್ಲಿದ್ದಾಗ ಕುರಿ, ಲೆಕ್ಕ, ಆಳುಕಾಳು ಎಲ್ಲವನ್ನೂ ನೋಡಿಕೊಂಡವಳು ಎಲಿಜಬೆತ್‌ಳೇ. ಆ ಕುರಿಗಳು ಮೇಯಲು ಬೇಕಾದ ನೆಲ ಯಾರದ್ದಾಗಿತ್ತು ಅನ್ನೋದು ಅದೇ ಕತೆಯ ಇನ್ನೊಂದು ಭಾಗ.

ಈಗ ಬೆನಲಾಂಗ್ ಮನೆಗೆ. ಬೆನಲಾಂಗ್ ತಾನಾಗಿ ಬಂದವನಲ್ಲ. 1789ರ ನವೆಂಬರ್‌ನಲ್ಲಿ ಗವರ್ನರ್ ಫಿಲಿಪ್ ಅವನನ್ನು ಹಿಡಿಸಿ ತರಿಸಿದ. ಭಾಷೆ ಕಲಿಯಲು, ಕಲಿಸಲು ಒಬ್ಬ ಮನುಷ್ಯ ಬೇಕಿತ್ತು, ಅದಕ್ಕೆ ಕಂಡುಕೊಂಡ ಉಪಾಯ ಅಪಹರಣ! ಆರು ತಿಂಗಳಲ್ಲಿ ಬೆನಲಾಂಗ್ ತಪ್ಪಿಸಿಕೊಂಡು ಹೋದ. ಆಮೇಲೆ ತನ್ನ ಲೆಕ್ಕಾಚಾರದಲ್ಲಿ, ತನಗೆ ಬೇಕಾದಾಗ ಬಂದು ಹೋಗತೊಡಗಿದ. ಅವನಿಗೇ ಅಂತ ಆ ಇಟ್ಟಿಗೆಯ ಮನೆ ಕಟ್ಟಿದ್ದು ಆಗ. 1791ರ ಮಾರ್ಚ್‌ನಲ್ಲಿ ಗವರ್ನರ್ ಮತ್ತು ಸಂಗಡಿಗರಿಗಾಗಿ ಬೆನಲಾಂಗ್ ಏರ್ಪಡಿಸಿದ ಸಂಜೆಯಲ್ಲಿ 24 ಮಂದಿ ಹೆಂಗಸರು, ಗಂಡಸರು, ಮಕ್ಕಳು ಕೋಲು ಬಡಿಯುತ್ತಾ ಚಪ್ಪಾಳೆ ತಟ್ಟುತ್ತಾ ಕುಣಿದರು. ಒಪೆರಾ ಹೌಸ್ ಬರುವುದಕ್ಕೆ 182 ವರ್ಷ ಮೊದಲು ಅದೇ ಜಾಗದಲ್ಲಿ ಆಹ್ವಾನಿತರಿಗಾಗಿ ನಡೆದ ಸಂಗೀತ ಕಾರ್ಯಕ್ರಮ ಇದು.

ನೋಡಿದವರು ಇದನ್ನು ಮನರಂಜನೆ ಅಂದುಕೊಂಡರು. ಪಿಯಾನೊ ಪಾಠ ಸಂಸ್ಕೃತಿ, ಇದು ತಮಾಷೆ. ಎಲಿಜಬೆತ್ ಕೆಟ್ಟವಳೇನಲ್ಲ. ಮೂಲನಿವಾಸಿ ಹೆಂಗಸು ದರಿಂಗ ತನ್ನ ಹಸುಗೂಸನ್ನು ತಂದು ತೋರಿಸಿದ್ದನ್ನು ಅದೇ ಕಾಗದದಲ್ಲಿ ಅಕ್ಕರೆಯಿಂದಲೇ ಬರೆಯುತ್ತಾಳೆ. ಕಣ್ಣು ತೆರೆದಿತ್ತು. ಆದರೆ ಕಿವಿ ತೆರೆಯಲು ಇನ್ನೂ ಏನೋ ಬೇಕು.

ಅದು ಇದ್ದದ್ದು ಡಾಸ್‌ಗೆ. ನಕ್ಷತ್ರ ನೋಡಲೆಂದು ಊರಿನಾಚೆ ಗುಡಿಸಲು ಹಾಕಿಕೊಂಡಿದ್ದ ಈ ಹುಡುಗ ಪಟ್ಯೆಗರಾಂಗ್ ಎಂಬ ಹದಿಹರೆಯದ ಹುಡುಗಿಯ ಹತ್ತಿರ ಅವಳ ಭಾಷೆ ಕಲಿತ, ಪುಟ್ಟ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟ. ಅದರಲ್ಲಿ ‘ಪುಟುವ’ ಅಂತ ಒಂದು ಪದ ಇದೆ. ಬೆಂಕಿಗೆ ಕೈ ಕಾಯಿಸಿಕೊಂಡು, ಆ ಬಿಸಿಯಲ್ಲೇ ಇನ್ನೊಬ್ಬರ ಬೆರಳುಗಳನ್ನು ಮೆಲ್ಲಗೆ ಒತ್ತುವುದು ಅಂತ ಅರ್ಥ. ಇಂಥ ಪದ ಕಲಿಯಬೇಕಾದರೆ ಪಕ್ಕದಲ್ಲಿ ಕೂರಬೇಕು, ಕಾಯಬೇಕು. 1790ರ ಡಿಸೆಂಬರ್‌ನಲ್ಲಿ ಮೂಲನಿವಾಸಿಗಳ ಮೇಲೆ ದಂಡನೆಯ ದಾಳಿಗೆ ಹೋಗು ಅಂತ ಆಜ್ಞೆಯಾದಾಗ ಡಾಸ್ ಮೊದಲು ಒಲ್ಲೆ ಅಂದ. ಒತ್ತಾಯಕ್ಕೆ ಹೋದ, ಆದರೆ ಹೋಗಿದ್ದಕ್ಕೆ ಪಶ್ಚಾತ್ತಾಪವಿದೆ ಅಂತ ಬಾಯಿಬಿಟ್ಟು ಹೇಳಿದ. ಮರು ವರ್ಷ ಅವನು ಸಿಡ್ನಿ ಬಿಡಬೇಕಾಯಿತು. ನೋಟ್‌ಬುಕ್ಕುಗಳು ಲಂಡನ್ನಿನ ಲೈಬ್ರರಿಯೊಂದರಲ್ಲಿ ಬೆಳಕಿಗೆ ಬಂದದ್ದು 1972ರಲ್ಲಿ.

ಬೆನಲಾಂಗ್ ಹಾಡು ಕಾಗದಕ್ಕೆ ಇಳಿದದ್ದು ಲಂಡನ್ನಿನಲ್ಲಿ. 1792ರ ಕೊನೆಯಲ್ಲಿ ಊರಿಗೆ ಹೊರಟ ಫಿಲಿಪ್ ಅವನನ್ನೂ ಯೆಮ್ಮರವಾನಿ ಎಂಬ ತರುಣನನ್ನೂ ಕರೆದುಕೊಂಡು ಹೋದ. ಮೇಫೇರ್‌ನಲ್ಲಿ ಅವರಿದ್ದ ಮನೆಯ ಹತ್ತಿರವೇ ಎಡ್ವರ್ಡ್ ಜೋನ್ಸ್ ಇದ್ದ. ಅವನು ವೇಲ್ಸ್‌ನವನು, ಹಾರ್ಪ್ ನುಡಿಸುವವನು. ಇವರಿಬ್ಬರೂ ಹಾಡಿದ್ದನ್ನು ಕೇಳಿ ಜೋನ್ಸ್ ಸ್ವರಲಿಪಿಯಲ್ಲಿ ಬರೆದುಕೊಂಡ, 1811ರಲ್ಲಿ ಒಂದು ಸಂಗ್ರಹದಲ್ಲಿ ಅಚ್ಚು ಹಾಕಿಸಿದ. ನನಗೆ ಇಲ್ಲಿ ಮುಖ್ಯ ಅನಿಸೋದು ಜೋನ್ಸ್ ವೇಲ್ಸ್‌ನವನು ಅನ್ನೋದು. ಇಂಗ್ಲಿಷಿನ ನೆರಳಿನಲ್ಲಿ ಬಾಳುತ್ತಿದ್ದ ತನ್ನ ಸಣ್ಣ ಭಾಷೆಯ ಹಳೆಯ ಹಾಡುಗಳನ್ನು ಹುಡುಕಿ ಅಚ್ಚು ಹಾಕಿಸುವುದೇ ಅವನ ಬದುಕಿನ ಕೆಲಸವಾಗಿತ್ತು. ಕಳೆದುಹೋಗುವ ಭಯ ಗೊತ್ತಿದ್ದವನಿಗೆ ಇನ್ನೊಬ್ಬರ ಹಾಡೂ ಕೇಳಿಸಿತು.

ಯೆಮ್ಮರವಾನಿ ಮತ್ತೆ ಊರು ನೋಡಲಿಲ್ಲ. 1794ರ ಮೇ ತಿಂಗಳಲ್ಲಿ ಲಂಡನ್ ಹತ್ತಿರದ ಎಲ್ಥಮ್‌ನಲ್ಲಿ ತೀರಿಕೊಂಡ, ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಬೆನಲಾಂಗ್ 1795ರಲ್ಲಿ ಒಬ್ಬನೇ ವಾಪಸ್ ಬಂದ.

ಸ್ವರಲಿಪಿಯಲ್ಲಿ ಬರೆದರೆ ಹಾಡು ಉಳಿಯಿತು ಅಂತಲೇ? ಅರ್ಧ ಮಾತ್ರ. ನಮ್ಮ ತೋಡಿ ರಾಗದ ಒಂದು ಆಲಾಪನೆಯನ್ನು ಪಿಯಾನೊ ಸ್ವರಲಿಪಿಯ ಐದು ಗೆರೆಗಳ ಮೇಲೆ ಬರೆದು ಕೊಡಿ ಅಂದರೆ ಏನಾಗುತ್ತದೆ? ಗಮಕವೆಲ್ಲ ಸೋರಿಹೋಗಿ ಬರೀ ಮೆಟ್ಟಿಲುಗಳು ಉಳಿಯುತ್ತವೆ. ಅದೇ ವರ್ಷಗಳಲ್ಲಿ ಕಲ್ಕತ್ತದ ಇಂಗ್ಲಿಷ್ ಮನೆಗಳಲ್ಲಿ ಹಿಂದೂಸ್ತಾನಿ ಹಾಡುಗಳಿಗೂ ಇದೇ ಗತಿ ಆಗಿತ್ತು. 1789ರಲ್ಲಿ ಅಂಥ ಹಾಡುಗಳನ್ನು ಹಾರ್ಪ್ಸಿಕಾರ್ಡ್‌ಗೆ ಒಗ್ಗಿಸಿ ವಿಲಿಯಂ ಹ್ಯಾಮಿಲ್ಟನ್ ಬರ್ಡ್ ಪುಸ್ತಕವನ್ನೇ ತಂದ. ಕೇಳಿದರೆ ಲಖನೌ ನೆನಪಾಗುವುದಿಲ್ಲ, ಲಂಡನ್ನೇ ನೆನಪಾಗುತ್ತದೆ.

ಆದರೆ ಇಲ್ಲೊಂದು ದೊಡ್ಡ ವ್ಯತ್ಯಾಸ. ಎಲಿಜಬೆತ್ ಕಷ್ಟಪಟ್ಟು ಕಲಿತ ಅದೇ ‘ಗಾಡ್ ಸೇವ್ ದ ಕಿಂಗ್’ ಮಟ್ಟು ಮದ್ರಾಸಿನಲ್ಲೂ ಕಂಪನಿಯ ಬ್ಯಾಂಡಿನವರ ಕೈಯಲ್ಲಿ ಮೊಳಗುತ್ತಿತ್ತು. ಅದನ್ನು ಕೇಳಿದವರಲ್ಲಿ ಮುತ್ತುಸ್ವಾಮಿ ದೀಕ್ಷಿತರೂ ಒಬ್ಬರು. ಅವರು ಆ ಮಟ್ಟಿಗೆ ಸಂಸ್ಕೃತ ಸಾಹಿತ್ಯ ಕೂರಿಸಿ ರಾಜನನ್ನು ಕೆಳಗಿಳಿಸಿ ದೇವಿಯನ್ನು ಕೂರಿಸಿದರು. ‘ಸಂತತಂ ಪಾಹಿಮಾಂ’ ಕಲಿತ ಬೆಂಗಳೂರು, ಮೈಸೂರಿನ ಮಕ್ಕಳಿಗೆಲ್ಲ ಈ ನೊಟ್ಟುಸ್ವರ ಗೊತ್ತು. ದೀಕ್ಷಿತರ ಹಿಂದೆ ಅವರ ಗುರುಗಳಿದ್ದರು, ಶಿಷ್ಯರಿದ್ದರು, ದೇವಸ್ಥಾನಗಳಿದ್ದವು. ಹೊರಗಿನ ಮಟ್ಟನ್ನು ತಗೊಂಡು ತಮ್ಮದು ಮಾಡಿಕೊಳ್ಳುವ ಬಲ ಇತ್ತು. ಮಾಲ್‌ಬ್ರೂಕ್ ಅನ್ನು ಒಂದೇ ಸಲಕ್ಕೆ ತಿರುಗಿ ಹಾಡಿದ ಸಿಡ್ನಿಯ ಜನಕ್ಕೆ ಕಿವಿ ಚುರುಕಾಗಿಯೇ ಇತ್ತು. ಸಿಗದೇ ಹೋದದ್ದು ಆ ನೆಲೆ, ಆ ಹೊತ್ತು.

ಮುಂದಿನ ಮೂವತ್ತು ವರ್ಷಗಳನ್ನು ಬೇಗ ದಾಟೋಣ. 1810ರಿಂದ 1821ರವರೆಗೆ ಗವರ್ನರ್ ಆಗಿದ್ದ ಲಾಕ್ಲನ್ ಮಕ್ವಾರಿ ಹೆಸರು ಇವತ್ತು ಸಿಡ್ನಿಯ ಬೀದಿ, ಯೂನಿವರ್ಸಿಟಿ, ಬ್ಯಾಂಕು ಎಲ್ಲದರ ಮೇಲೂ ಇದೆ. ಈ ಮಕ್ವಾರಿ 1792ರಲ್ಲೂ 1799ರಲ್ಲೂ ನಮ್ಮ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ, ಕೋಟೆ ಬಿದ್ದ ಮೇಲಿನ ಲೂಟಿಯಲ್ಲಿ ಪಾಲನ್ನೂ ಪಡೆದ. ಅದೇ ಲೂಟಿಯಲ್ಲಿ ಟಿಪ್ಪುವಿನ ಮರದ ಹುಲಿ, ಹೊಟ್ಟೆಯೊಳಗೆ ಆರ್ಗನ್ ಇರುವ ಆ ಹುಲಿ, ಲಂಡನ್ ಸೇರಿತು. ಸಿಡ್ನಿಯಲ್ಲಿ ಮಕ್ವಾರಿ ರಸ್ತೆ ಹಾಕಿಸಿದ, ಆಸ್ಪತ್ರೆ ಕಟ್ಟಿಸಿದ, ಮೂಲನಿವಾಸಿ ಮಕ್ಕಳಿಗೆ ಶಾಲೆ ತೆರೆದ. ಅವನೇ 1816ರಲ್ಲಿ ಕಳಿಸಿದ ಸೈನಿಕರು ಏಪ್ರಿಲ್ 17ರಂದು ಆಪಿನ್ ಎಂಬಲ್ಲಿ ಕಡಿಮೆ ಎಂದರೂ 14 ಮಂದಿ ಮೂಲನಿವಾಸಿಗಳನ್ನು ಕೊಂದರು. ಊರಿನ ಸಂಗೀತ ಬೆಳೆದದ್ದು ಇಂಥ ರೆಜಿಮೆಂಟುಗಳ ಬ್ಯಾಂಡುಗಳ ಮೇಲೆಯೇ. ನಾಟಕಕ್ಕೆ, ನೃತ್ಯಕೂಟಕ್ಕೆ, ಚರ್ಚಿಗೆ ಎಲ್ಲಕ್ಕೂ ಅವರೇ ಬೇಕು. 1826ರಲ್ಲಿ ಸಿಡ್ನಿಯಲ್ಲಿ ಸಾರ್ವಜನಿಕ ಕಛೇರಿಗಳ ಸರಣಿ ಶುರುವಾದಾಗಲೂ ಬ್ಯಾಂಡಿನವರ ಕೈ ಬೇಕಾಯಿತು.

1836ರಲ್ಲಿ ವಿನ್ಸೆಂಟ್ ವಾಲೆಸ್ ಎಂಬ ಐರಿಷ್ ಪಿಟೀಲುಗಾರ ಬಂದ. ಜನ ಅವನನ್ನು ಆಸ್ಟ್ರೇಲಿಯದ ಪಗನೀನಿ ಅಂದರು. ಸಂಗೀತ ಶಾಲೆ ತೆರೆದ, ಕಛೇರಿ ಮಾಡಿದ, ಎರಡೇ ವರ್ಷಕ್ಕೆ ಮೈತುಂಬ ಸಾಲ ಮಾಡಿಕೊಂಡು ಹಡಗು ಹತ್ತಿ ಪರಾರಿಯಾದ. ಮುಂದೆ 1845ರಲ್ಲಿ ಲಂಡನ್ನಿನಲ್ಲಿ ‘ಮರಿಟಾನ’ ಎಂಬ ಅವನ ಒಪೆರಾ ಜಯಭೇರಿ ಬಾರಿಸಿತು.

ಇಷ್ಟು ಹೊತ್ತಿಗೆ ಸಂಗೀತವೆಂದರೆ ದೊಡ್ಡವರದ್ದು ಅನ್ನೋದು ಗಟ್ಟಿಯಾಗಿತ್ತು. ಅದನ್ನು ತಲೆಕೆಳಗು ಮಾಡಲು ಹೋದವನು ಅಲೆಕ್ಸಾಂಡರ್ ಮಕಾನಕಿ. ನಾರ್ಫೋಕ್ ದ್ವೀಪ ಅಂದರೆ ಕೈದಿಗಳ ನರಕ. ತಪ್ಪು ಮಾಡಿ ಆಸ್ಟ್ರೇಲಿಯಕ್ಕೆ ಬಂದು, ಅಲ್ಲೂ ಮತ್ತೆ ತಪ್ಪು ಮಾಡಿದವರನ್ನು ಎಸೆಯುತ್ತಿದ್ದ ಜಾಗ. 1840ರಲ್ಲಿ ಅದರ ಉಸ್ತುವಾರಿಗೆ ಬಂದ ಮಕಾನಕಿ ಚಾಟಿ ಕಡಿಮೆ ಮಾಡಿದ, ವಾದ್ಯಗಳನ್ನೂ ಸ್ವರಲಿಪಿ ಬರೆಯುವ ಕಾಗದವನ್ನೂ ತರಿಸಿದ. ಅವನ ವಾದ ಸರಳ. ನಾಲ್ಕು ಜನ ಸೇರಿ ನುಡಿಸಬೇಕಾದರೆ ಒಬ್ಬರ ಮಾತು ಇನ್ನೊಬ್ಬರು ಕೇಳಬೇಕು, ತಾಳಕ್ಕೆ ಬಗ್ಗಬೇಕು. ಮನುಷ್ಯನನ್ನು ಮತ್ತೆ ಮನುಷ್ಯರ ಜತೆ ಬದುಕುವಂತೆ ಮಾಡಲು ಇದಕ್ಕಿಂತ ಒಳ್ಳೆಯ ದಾರಿ ಯಾವುದು? ಜೇಮ್ಸ್ ಅಕ್ವಿನಸ್ ರೀಡ್ ಎಂಬ ಸಂಗೀತಗಾರ ಕೈದಿಗಳಿಗೆ ಪಾಠ ಹೇಳಿದ. ಸಹಿ ಫೋರ್ಜರಿ ಕೇಸಿನಲ್ಲಿ ಗಡಿಪಾರಾದ ಚಾರ್ಲ್ಸ್ ಪ್ಯಾಕರ್ ಕೂಡ ಆಗ ಅದೇ ದ್ವೀಪದ ಕೈದಿ. ಅವನು ಓದಿದ್ದು ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ!

1840ರ ಮೇ 25ರಂದು, ರಾಣಿ ವಿಕ್ಟೋರಿಯಾ ಹುಟ್ಟುಹಬ್ಬದ ಹೆಸರಿನಲ್ಲಿ, ಮಕಾನಕಿ ಬಾಗಿಲುಗಳನ್ನು ತೆರೆಸಿದ. ಕೈದಿಗಳೇ ರಂಗದ ಮೇಲೆ ‘ದ ಕ್ಯಾಸಲ್ ಆಫ್ ಆಂಡಲೂಸಿಯ’ ಎಂಬ ಹಾಸ್ಯ ಒಪೆರಾ ಆಡಿದರು. ಸಂಜೆಗೆ ಎಲ್ಲರೂ ತಮ್ಮ ಜಾಗಕ್ಕೆ ವಾಪಸ್ ಹೋದರು. ಸುದ್ದಿ ಸಿಡ್ನಿ ಮುಟ್ಟಿದಾಗ ದೊಡ್ಡವರಿಗೆ ಸಿಟ್ಟು ನೆತ್ತಿಗೇರಿತು. ಕೈದಿಗಳಿಗೆ ಒಪೆರಾನಾ? ಅದೇ ಮಟ್ಟು ತಮ್ಮ ಡ್ರಾಯಿಂಗ್ ರೂಮಿನಲ್ಲಿ ನುಡಿಸಿದರೆ ಸಂಸ್ಕಾರ, ಕೈದಿ ಹಾಡಿದರೆ ಸಲಿಗೆ. 1844ರಲ್ಲಿ ಮಕಾನಕಿಯನ್ನು ತೆಗೆದು ಮತ್ತೆ ಚಾಟಿಯ ಅಧಿಕಾರಿಯನ್ನು ಕಳಿಸಿದರು.

ಕೊನೆಗೆ ಬರುವವನು ಐಸಾಕ್ ನೇಥನ್. ಇಂಗ್ಲೆಂಡಿನ ಯಹೂದಿ, ಸಿನಗಾಗಿನಲ್ಲಿ ಹಾಡುವವನ ಮಗ. ಕವಿ ಬೈರನ್ ಜತೆ ಸೇರಿ ‘ಹೀಬ್ರೂ ಮೆಲೊಡೀಸ್’ ಮಾಡಿ ಹೆಸರು ಗಳಿಸಿ, ಆಮೇಲೆ ಕೈ ಸುಟ್ಟುಕೊಂಡು 1841ರಲ್ಲಿ ಸಿಡ್ನಿಗೆ ಬಂದ. ಬಂದ ಹೊಸತರಲ್ಲೇ ಅವನು ಕೈ ಹಾಕಿದ್ದು ಊರಿನ ಆರದ ಗಾಯಕ್ಕೆ.

ಆ ಗಾಯ ಇದು. 1838ರ ಜೂನ್ 10ರಂದು ಮಯಾಲ್ ಕ್ರೀಕ್ ಎಂಬಲ್ಲಿ ದನ ಕಾಯುವ ಬಿಳಿಯರ ಗುಂಪೊಂದು ಕಡಿಮೆ ಎಂದರೂ 28 ಮಂದಿ ಮೂಲನಿವಾಸಿಗಳನ್ನು ಕಟ್ಟಿ ಒಯ್ದು ಕೊಂದಿತು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಮೊದಲ ವಿಚಾರಣೆಯಲ್ಲಿ 11 ಆರೋಪಿಗಳೂ ಖುಲಾಸೆಯಾದರು. ಎರಡನೆಯದರಲ್ಲಿ ಏಳು ಮಂದಿಗೆ ಶಿಕ್ಷೆಯಾಗಿ ಡಿಸೆಂಬರ್ 18ರಂದು ಗಲ್ಲಾಯಿತು. ಬಿಳಿಯರಿಗೆ ಇದಕ್ಕಾಗಿ ಗಲ್ಲು ಅಂತ ಊರೆಲ್ಲ ಕುದಿಯುತ್ತಿದ್ದ ಹೊತ್ತು. ಸಿಡ್ನಿ ಹೆರಾಲ್ಡ್ ಪತ್ರಿಕೆ ಆರೋಪಿಗಳ ಪರ ನಿಂತಿತ್ತು. ಗಲ್ಲಿಗೆ ಐದು ದಿನ ಮೊದಲು ‘ದ ಆಸ್ಟ್ರೇಲಿಯನ್’ ಪತ್ರಿಕೆಯಲ್ಲಿ ‘ದ ಅಬಾರಿಜಿನಲ್ ಮದರ್’ ಎಂಬ ಕವಿತೆ ಬಂತು. ಕೊಲೆಯಿಂದ ತಪ್ಪಿಸಿಕೊಂಡ ತಾಯಿಯೊಬ್ಬಳು ಕೂಸಿಗೆ ಹೇಳುವ ಮಾತು ಅದು. ಬರೆದವಳು ಎಲೈಜಾ ಹ್ಯಾಮಿಲ್ಟನ್ ಡನ್‌ಲಪ್. ಆಸ್ಟ್ರೇಲಿಯಕ್ಕೆ ಬಂದು ಒಂದು ವರ್ಷವೂ ಆಗಿರದ ಐರಿಷ್ ಹೆಂಗಸು. ಅವಳ ಅಪ್ಪ ಭಾರತದಲ್ಲಿ ಕೆಲಸದಲ್ಲಿದ್ದವನು.

ಆ ಕವಿತೆಗೆ ನೇಥನ್ ರಾಗ ಹಾಕಿದ. ಅವನ ಮಗಳು ರೊಸೆಟ್ಟ ಸಿಡ್ನಿಯ ಕಛೇರಿಯಲ್ಲಿ ಅದನ್ನು ಹಾಡಿದಳು. ಯೋಚಿಸಿ ನೋಡಿ. ಟಿಕೆಟ್ ತಗೊಂಡು, ಒಳ್ಳೆ ಬಟ್ಟೆ ಹಾಕಿಕೊಂಡು ಯುರೋಪಿನ ಸಂಗೀತ ಕೇಳಲು ಬಂದ ಜನಕ್ಕೆ, ತಮ್ಮವರೇ ಕೊಂದ ಜನರ ಅಳಲನ್ನು ಅದೇ ಯುರೋಪಿನ ಸಂಗೀತದಲ್ಲಿ ಕೂರಿಸಿ ಕೇಳಿಸಿದ್ದು. ಹೆರಾಲ್ಡ್ ಮೂಗು ಮುರಿಯಿತು. ಮೂಲನಿವಾಸಿ ಹೆಂಗಸಿಗೆ ಇಂಥ ಭಾವನೆಗಳೆಲ್ಲ ಇರುತ್ತವೆಯೇ ಅನ್ನುವ ಧಾಟಿ. ಎಲೈಜಾ ಪತ್ರಿಕೆಗೇ ಕಾಗದ ಬರೆದು ಉತ್ತರ ಕೊಟ್ಟಳು. ಮುಂದೆ ಗಂಡ ಮ್ಯಾಜಿಸ್ಟ್ರೇಟ್ ಆಗಿದ್ದ ವೊಲಂಬಿಯಲ್ಲಿ ಅವಳು ಅಲ್ಲಿನವರ ಭಾಷೆಯನ್ನೂ ಹಾಡುಗಳನ್ನೂ ಕೇಳಿ ಬರೆದಿಟ್ಟಳು.

ನೇಥನ್ ಅಲ್ಲಿಗೇ ನಿಲ್ಲಿಸಲಿಲ್ಲ. ಮೂಲನಿವಾಸಿಗಳ ಹಾಡುಗಳನ್ನು ಪಿಯಾನೊಗೆ ಒಗ್ಗಿಸಿ ಪ್ರಕಟಿಸಿದ. 1847ರಲ್ಲಿ ‘ಡಾನ್ ಜಾನ್ ಆಫ್ ಆಸ್ಟ್ರಿಯ’ ಎಂಬ ಒಪೆರಾ ಆಡಿಸಿದ. ಆಸ್ಟ್ರೇಲಿಯದಲ್ಲೇ ರಚನೆಯಾಗಿ ಅಲ್ಲೇ ರಂಗವೇರಿದ ಮೊದಲ ಒಪೆರಾ ಅಂತ ಅದಕ್ಕೆ ಹೆಸರು. ಹಾಗಂತ ನೇಥನ್‌ನನ್ನು ಸಂತ ಮಾಡಬೇಕಿಲ್ಲ. ಅವನು ಒಗ್ಗಿಸಿದ ಹಾಡುಗಳಲ್ಲಿ ಮೂಲದವರ ದನಿಗಿಂತ ಲಂಡನ್ನಿನ ಡ್ರಾಯಿಂಗ್ ರೂಮೇ ಹೆಚ್ಚು. ಗಮಕ ಸೋರಿಹೋಗುವ ಅದೇ ಕತೆ.

ಆದರೂ ಒಂದು ಮಾತು ಉಳಿಯುತ್ತದೆ. ಊರು ಕಟ್ಟಿಕೊಂಡ ಆ ಅರವತ್ತು ವರ್ಷದಲ್ಲಿ ಪಿಯಾನೊ, ಬ್ಯಾಂಡು, ಒಪೆರಾ ಎಲ್ಲವೂ ಹೆಚ್ಚಿನ ಮಟ್ಟಿಗೆ ಮಾಡಿದ್ದು ಕಿಟಕಿ ಮುಚ್ಚುವ ಕೆಲಸ. ಒಳಗೆ ಇಂಗ್ಲೆಂಡ್, ಹೊರಗಿನದು ಸದ್ದು. ಕಿಟಕಿ ತೆರೆದವರನ್ನು ಸಾಲಾಗಿ ನಿಲ್ಲಿಸಿ ನೋಡಿ. ವೇಲ್ಸ್‌ನ ಜೋನ್ಸ್, ಯಹೂದಿ ನೇಥನ್, ಐರಿಷ್ ಎಲೈಜಾ. ಇಂಗ್ಲೆಂಡಿನಲ್ಲಿ ತಾವೇ ಸ್ವಲ್ಪ ಹೊರಗಿನವರಾಗಿದ್ದವರು. ಇದೇ ನಿಯಮ ಅಂತ ಹೇಳಲಾಗದು, ಡಾಸ್ ಇಂಗ್ಲಿಷನೇ. ಆದರೆ ತನ್ನ ಹಾಡು ಕೇಳುವವರಿಲ್ಲದೆ ಹೋಗಬಹುದು ಅಂತ ಒಮ್ಮೆ ಅನಿಸಿದವರಿಗೆ ಪಕ್ಕದ ಮನೆಯ ಹಾಡು ಬೇಗ ಕೇಳಿಸುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕನ್ನಡದ ಬಗ್ಗೆ ಕೊರಗುವ ನಾವು, ನಮ್ಮ ಪಕ್ಕದಲ್ಲೇ ಇರುವ ಸೋಲಿಗರ, ಕೊರಗರ ಹಾಡು ಎಷ್ಟು ಕೇಳಿದ್ದೇವೆ ಅನ್ನೋದನ್ನೂ ಒಮ್ಮೆ ಕೇಳಿಕೊಳ್ಳಬಹುದು.

ನೇಥನ್ 1864ರ ಜನವರಿಯಲ್ಲಿ ಸಿಡ್ನಿಯ ಕುದುರೆ ಟ್ರಾಮಿನಿಂದ ಇಳಿಯುವಾಗ ಬಿದ್ದು ಸತ್ತ. ಅವನ ವಂಶದ ಕುಡಿ ಚಾರ್ಲ್ಸ್ ಮೆಕೆರಸ್ ದೊಡ್ಡ ಕಂಡಕ್ಟರ್ ಆದರು. 1973ರ ಸೆಪ್ಟೆಂಬರ್ 29ರಂದು ಒಪೆರಾ ಹೌಸಿನ ಕನ್ಸರ್ಟ್ ಹಾಲ್‌ನಲ್ಲಿ ನಡೆದ ಮೊದಲ ಸಾರ್ವಜನಿಕ ಕಛೇರಿಯಲ್ಲಿ ಸಿಡ್ನಿ ಸಿಂಫನಿಯನ್ನು ನಡೆಸಿದವರು ಅವರೇ. ಅವತ್ತು ಇಡೀ ಸಂಜೆ ವ್ಯಾಗ್ನರ್. ಆ ಹಾಲ್ ನಿಂತಿರುವುದು ಬೆನಲಾಂಗ್ ತನ್ನ ಜನರನ್ನು ಸೇರಿಸಿ ಗವರ್ನರ್‌ಗೆ ಕುಣಿತ ತೋರಿಸಿದ ತುದಿಯಲ್ಲಿ.

ಎಡ್ವರ್ಡ್ ಜೋನ್ಸ್ ಬರೆದಿಟ್ಟ ಆ ಒಂದು ಪುಟದ ಹಾಡನ್ನು ಇತ್ತೀಚಿನ ವರ್ಷಗಳಲ್ಲಿ ಸಿಡ್ನಿಯ ಮೂಲನಿವಾಸಿ ಕಲಾವಿದರು ಮತ್ತೆ ಹಾಡಿದ್ದಾರೆ. ಡಾಸ್‌ನ ನೋಟ್‌ಬುಕ್ಕುಗಳಿಂದ ಅವರ ಮಕ್ಕಳು ಭಾಷೆ ಕಲಿಯುತ್ತಿದ್ದಾರೆ. ಬೇರೆಯವರ ಕಿವಿಗೆ ಸಿಕ್ಕಷ್ಟೇ ಆ ಪುಟದಲ್ಲಿರುವುದು. ಉಳಿದದ್ದನ್ನು ತುಂಬುವ ಕೆಲಸ ಈಗ ಹಾಡುವವರ ಕೈಯಲ್ಲಿದೆ.